ಈ ಭಾನುವಾರದ ಮಾತು: ಡಾ. ಕೋಟ್ನೀಸ್

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 7ಕ್ಕೆ ದಾವಣಗೆರೆ ಪಿ.ಜೆ. ಬಡಾವಣೆಯ ನಮ್ಮ ಮನೆ ಮಹಡಿ ಮೇಲೆ ಸೇರೋಣ.

ಡಾ. ದ್ವಾರಕಾನಾಥ ಕೋಟ್ನೀಸ್ 1910ರಲ್ಲಿ ಹುಟ್ಟಿದ್ದು ಕನ್ನಡದವರೂ ಬೇಕಾದಷ್ಟಿರುವ ಸೊಲ್ಲಾಪುರದಲ್ಲಿ. 1938ರಲ್ಲಿ, ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ನಮ್ಮ ದೇಶದಿಂದ ಹೋದ ಐವರು ವೈದ್ಯರಲ್ಲಿ ಒಬ್ಬರು. ಉಳಿದ ನಾಲ್ವರೂ ಮರಳಿದರು, ಇವರು ಬರಲೇ ಇಲ್ಲ. ಗಾಯಾಳು ಸೈನಿಕರಿಗೆ ಆಪರೇಷನ್ ಮಾಡುತ್ತ ಒಮ್ಮೆ 72 ಗಂಟೆ ಕಣ್ಣು ಮುಚ್ಚಿರಲಿಲ್ಲವಂತೆ.

ಅಲ್ಲಿಯ ನರ್ಸ್ ಗುವೊ ಚಿಂಗ್‌ಲಾನ್ ಅವರನ್ನೇ ಮದುವೆಯಾದರು. ಮಗನ ಹೆಸರು ಯಿನ್‌ಹುವಾ. ಯಿನ್ ಅಂದ್ರೆ ಭಾರತ, ಹುವಾ ಅಂದ್ರೆ ಚೀನಾ. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತೆ. ಕೂಸು ಇನ್ನೂ ತೊಟ್ಟಿಲಲ್ಲಿರುವಾಗಲೇ, 1942ರ ಡಿಸೆಂಬರ್‌ನಲ್ಲಿ ಅಪ್ಪ ತೀರಿಕೊಂಡರು. ಬರೀ 32 ವರ್ಷ.

ಮೆಡಿಕಲ್ ಓದುವ ಮಕ್ಕಳಿದ್ದರೆ ತಪ್ಪದೆ ಕರ್ಕೊಂಡು ಬನ್ನಿ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ, ಬೆಣ್ಣೆ ದೋಸೆಗೆ ಹೇಳಬೇಕು.