ನಮ್ಮ ಸ್ಪೀಚ್ ಥೆರಪಿಸ್ಟ್ ಮೇಡಂ ಅವರಿಗೂ, ಅವರನ್ನು ಕುಷ್ಟಗಿಯಲ್ಲಿ ಉಳಿಸಿಕೊಂಡವರಿಗೂ

ಈ ಜೂನ್‌ನಲ್ಲಿ ನಮ್ಮ ಮಗಳು ಕುಷ್ಟಗಿ ತಾಲ್ಲೂಕಿನ ನಮ್ಮೂರ ಸರ್ಕಾರಿ ಕನ್ನಡ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಿದಳು. ಹುಟ್ಟಿನಿಂದಲೇ ಎರಡೂ ಕಿವಿ ಕೇಳಿಸದಿದ್ದ ಆಕೆ ಈಗ ಹಾಜರಿ ಕರೆದಾಗ ತನ್ನ ಹೆಸರಿಗೆ ಓಗೊಡುತ್ತಾಳೆ, ಗೆಳತಿಯರೊಂದಿಗೆ ಬಾಯಿ ಮಾಡಿ ಜಗಳವನ್ನೂ ಆಡುತ್ತಾಳೆ. ಇದಕ್ಕೆ ಕಾರಣರಾದವರಿಗೆ ನಮ್ಮ ಮನೆಯವರೆಲ್ಲರ ಪರವಾಗಿ ಬಹಿರಂಗವಾಗಿ ವಂದನೆ ಸಲ್ಲಿಸಲು ಇದನ್ನು ಬರೆಯುತ್ತಿದ್ದೇನೆ.

ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ಮೊದಲ ನಮಸ್ಕಾರ. ಆದರೆ ಆಪರೇಷನ್ ಆದರೆ ಮಾತು ತಾನಾಗಿ ಬರುತ್ತದೆ ಎಂದು ನಂಬಿರುವವರು ನಮ್ಮ ಭಾಗದಲ್ಲಿ ಇನ್ನೂ ಬಹಳ. ಒಳಗಿಟ್ಟ ಸಾಧನ ಶಬ್ದವನ್ನು ವಿದ್ಯುತ್ ಸಂಕೇತವಾಗಿ ಶ್ರವಣ ನರಕ್ಕೆ ಮುಟ್ಟಿಸುತ್ತದೆ, ಅಷ್ಟೇ. ಅದು ಬಾಗಿಲಿನ ಸದ್ದೋ, ಅವ್ವನ ಕೂಗೋ ಎಂಬುದನ್ನು ಮಗುವಿನ ಮೆದುಳು ವರ್ಷಗಟ್ಟಲೆ ಅಭ್ಯಾಸದಿಂದಲೇ ಕಲಿಯಬೇಕು. ಆ ಅಭ್ಯಾಸ ನಡುವೆ ನಿಂತರೆ ಏನಾಗುತ್ತದೆ ಎಂಬುದನ್ನು ನಾವು ಕಂಡಿದ್ದೇವೆ. ಈ ಅಭ್ಯಾಸ ಮಾಡಿಸಲು ಕುಷ್ಟಗಿಯಲ್ಲಿ ಮೊದಲಿದ್ದ ಸ್ಪೀಚ್ ಥೆರಪಿಸ್ಟ್‌ಗಳು ಒಬ್ಬರ ಹಿಂದೊಬ್ಬರು ಕೆಲಸ ಬಿಟ್ಟು ಹೋದ ಮೇಲೆ ಹುದ್ದೆ ಬಹುಕಾಲ ಖಾಲಿ ಉಳಿಯಿತು, ಆಗಷ್ಟೇ ಮಾತು ತಿರುಗುತ್ತಿದ್ದ ಮಗಳು ಮತ್ತೆ ಕೈಸನ್ನೆಗೆ ಮರಳಿದಳು.

ಬಿಟ್ಟು ಹೋದವರ ಮೇಲೆ ನನಗೆ ಸಿಟ್ಟಿಲ್ಲ. ಪಟ್ಟಣದಲ್ಲಿ ಬೆಳೆದವರಿಗೆ ನಮ್ಮ ಬಿಸಿಲು, ಧೂಳು ಒಗ್ಗುವುದಿಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ ಓದಿ, ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಂಡು ಬಂದವರಿಗೆ ಸಿಕ್ಕಿದ್ದು ಗುತ್ತಿಗೆ ಕೆಲಸ, ತಿಂಗಳುಗಟ್ಟಲೆ ತಡವಾಗುವ ಸಂಬಳ, ಒಂಟಿ ಹೆಣ್ಣುಮಗಳಿಗೆ ಬಾಡಿಗೆ ಮನೆ ಕೊಡಲು ಹಿಂಜರಿಯುವ ಊರು. ಕಿವಿ ಕೇಳದ ಕೂಸಿನಿಂದ ಹಿಡಿದು ಸೀಳು ತುಟಿಯ ಮಗು, ಉಗ್ಗುವ ಹುಡುಗ, ಲಕ್ವಾ ಹೊಡೆದು ಮಾತು ನಿಂತ ಹಿರಿಯರವರೆಗೆ ಎಲ್ಲರನ್ನೂ ಒಬ್ಬರೇ ನೋಡಬೇಕಿತ್ತು, ಸಂಶಯ ಬಂದರೆ ಕೇಳಲು ಪಕ್ಕದಲ್ಲಿ ಹಿರಿಯರು ಯಾರೂ ಇರಲಿಲ್ಲ.

ಈಗಿನ ಮೇಡಂ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು. 400 ಕಿಲೋಮೀಟರ್‌ಗೂ ಹೆಚ್ಚು ದೂರದಿಂದ ಬಂದ ಅವರು ಇಲ್ಲಿ ನೆಲೆ ನಿಂತದ್ದು ಹಲವರ ಆಸ್ಥೆಯಿಂದ. ಒಂದೂ ಪ್ರಶ್ನೆ ಕೇಳದೆ ಮಹಡಿಯ ಮನೆ ಕೊಟ್ಟ ನಿವೃತ್ತ ಶಿಕ್ಷಕ ದಂಪತಿಗಳಿಗೆ, ಗುತ್ತಿಗೆಯ ಅವಧಿ ಮುಗಿಯುವ ಮುನ್ನವೇ ನವೀಕರಣದ ಕಡತ ಹಿಡಿದು ಓಡಾಡಿದ ಗುಮಾಸ್ತರಿಗೆ, ಹೊರರೋಗಿಗಳ ಗದ್ದಲದಿಂದ ದೂರವಿದ್ದ ಹಿಂಬದಿಯ ಕೋಣೆಯನ್ನು ಬಿಟ್ಟುಕೊಟ್ಟ ವೈದ್ಯಾಧಿಕಾರಿಗಳಿಗೆ ನಾನು ಋಣಿ. ಸದ್ದಿಲ್ಲದ ಕೋಣೆ ಈ ಚಿಕಿತ್ಸೆಗೆ ಎಷ್ಟು ಅಗತ್ಯವೆಂದು ಹೊರಗಿನವರಿಗೆ ತಿಳಿಯುವುದು ಕಷ್ಟ. ಕಠಿಣ ಪ್ರಕರಣಗಳನ್ನು ವಿಡಿಯೋ ಕರೆಯಲ್ಲಿ ತಾಳ್ಮೆಯಿಂದ ಚರ್ಚಿಸುವ ಮೇಡಂ ಅವರ ಗುರುಗಳಿಗೂ ನನ್ನ ಪ್ರಣಾಮಗಳು, ಏಕೆಂದರೆ ಇಲ್ಲಿ ಒಂಟಿಯಾಗಿಲ್ಲ ಎಂಬ ಧೈರ್ಯ ಬಂದದ್ದು ಅದರಿಂದಲೇ ಎಂದು ಮೇಡಂ ಹಲವು ಬಾರಿ ಹೇಳಿದ್ದಾರೆ.

ಮೇಡಂ, ನಿಮಗೆ ಏನೆಂದು ಹೇಳಲಿ! ಮಗುವಿಗಿಂತ ಮೊದಲು ನೀವು ನಮಗೆ ಕಲಿಸಿದಿರಿ. ಪ್ರತಿದಿನ ಬೆಳಿಗ್ಗೆ ಇಂಪ್ಲಾಂಟ್‌ನ ಹೊರಗಿನ ಯಂತ್ರವನ್ನು ಮಗುವಿಗೆ ಹಾಕಿದ ಕೂಡಲೇ ಬೆನ್ನ ಹಿಂದೆ ನಿಂತು ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ನುಡಿದು ಪರೀಕ್ಷಿಸುವುದನ್ನು, ವಸ್ತು ತೋರಿಸುವ ಮುನ್ನ ಅದರ ಹೆಸರು ಕಿವಿಗೆ ಬೀಳಿಸುವುದನ್ನು, ಉತ್ತರಕ್ಕಾಗಿ ಕಾಯುವುದನ್ನು ನಮ್ಮತ್ತೆಯವರಿಗೂ ರೂಢಿ ಮಾಡಿಸಿದಿರಿ. ರೊಟ್ಟಿ ಬಡಿಯುವಾಗ, ಎಮ್ಮೆ ಕಟ್ಟುವಾಗ, ಹೊಲಕ್ಕೆ ಬುತ್ತಿ ಒಯ್ಯುವಾಗ ಆಡಬೇಕಾದ ಮಾತುಗಳನ್ನು ನಮ್ಮಿಂದಲೇ ಕೇಳಿ ಬರೆದುಕೊಂಡು, ಅವುಗಳಿಂದಲೇ ಪಾಠ ಮಾಡಿದಿರಿ. ಅತ್ತೆಯವರು ಇಂದಿಗೂ ರೊಟ್ಟಿ ತಟ್ಟುತ್ತ ಮೊಮ್ಮಗಳನ್ನು ಮಾತಾಡಿಸದೆ ಇರುವುದಿಲ್ಲ. ಯಲಬುರ್ಗಾ ಕಡೆಯ ಪಿಯುಸಿ ವಿಜ್ಞಾನದ ಹುಡುಗಿಯೊಬ್ಬಳು ನಿಮ್ಮನ್ನು ನೋಡಿ ಇದೇ ಪದವಿ ಓದಲು ಮನಸ್ಸು ಮಾಡಿದ್ದಾಳೆ. ಸಂವಿಧಾನದ 371ಜೆ ವಿಧಿಯಡಿ ಓದು, ಉದ್ಯೋಗಗಳಲ್ಲಿ ಮೀಸಲಾತಿ ಇರುವ ನಮ್ಮ ಜಿಲ್ಲೆಗಳಿಂದ ಇಂಥವರು ಹತ್ತಾರು ಮಂದಿ ಹೊರಡಬೇಕೆಂಬುದು ನನ್ನ ಹಂಬಲ.

ಕೊನೆಯದಾಗಿ ನಮ್ಮೂರ ಆಶಾ ಅಕ್ಕನಿಗೆ. 'ಕೂಸು ತಡವಾಗಿ ಮಾತಾಡ್ತೈತಿ ಬಿಡು' ಎಂದು ಎಲ್ಲರೂ ಸಮಾಧಾನ ಹೇಳುತ್ತಿದ್ದಾಗ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ಉಚಿತ ತಪಾಸಣೆ ಇದೆ ಎಂದು ತಿಳಿಸಿ, ಹಟ ಹಿಡಿದು ಕೊಪ್ಪಳಕ್ಕೆ ಕರೆದೊಯ್ದವರು ಅವರೇ. ಸದ್ದಿಗೆ ತಿರುಗದ ಮಗು ನಿಮ್ಮ ಓಣಿಯಲ್ಲಿದ್ದರೆ ದಯವಿಟ್ಟು ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಈ ವಾರವೇ ಕಾಣಿರಿ.