ಹೆವಿ ಆಕ್ಸಲ್‌ಗೆ ಮುನ್ನ ಟೇಪು ಹಿಡಿದು ಅಳೆಯಿರಿ

ಮಾನ್ಯ ಸಂಪಾದಕರೇ,

ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಗ್ಯಾರೇಜುಗಳ ಮುಂದೆ ಹಳೆ ಜೀಪುಗಳು ಬಂದು ನಿಲ್ಲುತ್ತವೆ. ಈಚೆಗೆ ಮಾಲೀಕರು ಕೇಳುವ ಮೊದಲ ಕೆಲಸವೇ 'ಹೆವಿ ಆಕ್ಸಲ್ ಕೂರಿಸಿ' ಎನ್ನುವುದು, ಅಂದರೆ ಚಕ್ರಗಳ ಅಚ್ಚನ್ನು ಇನ್ನೂ ದಪ್ಪನೆಯದಕ್ಕೆ ಬದಲಿಸಿ ಎಂದು. ವಿಲ್ಲೀಸ್ ಆಗಲಿ, ಸಿಜೆ 3ಬಿ ಆಗಲಿ, ಗುಜರಿಯಲ್ಲಿ ಸಿಕ್ಕ ದಪ್ಪನೆಯ ಹೌಸಿಂಗ್ (ಆಕ್ಸಲ್ಲಿನ ಹೊರಕವಚ) ತಂದು ವೆಲ್ಡ್ ಹೊಡೆಸಿದರೆ ಆಯಿತು ಎಂಬ ನಂಬಿಕೆ. ತೋಟದೊಳಗೆ ಮೂಟೆ ಸಾಗಿಸುವ ಬಹುಪಾಲು ಜೀಪುಗಳಿಗೆ ಇದು ಬೇಕಾಗಿಯೇ ಇಲ್ಲ. ನಿಜವಾಗಿ ಬೇಕಾದ ಜೀಪುಗಳಿಗೋ ಅರ್ಧ ಕೆಲಸ ಮಾತ್ರ ಆಗುತ್ತಿದೆ. ಹಾಗಾಗಿ ಈ ಪತ್ರ.

ನಿಮ್ಮ ಜೀಪಿನಲ್ಲಿ ಈಗ ಏನಿದೆ ಎಂದು ಮೊದಲು ನೋಡಿಕೊಳ್ಳಿ. ಹಿಂದಿನ ಚಕ್ರದ ನಡುವಿನ ಕ್ಯಾಪ್ ತೆಗೆದಾಗ ಒಂದೇ ದೊಡ್ಡ ನಟ್, ಅದಕ್ಕೊಂದು ಸ್ಪ್ಲಿಟ್ ಪಿನ್ ಕಂಡರೆ ಅದು ಟೇಪರ್ ಶಾಫ್ಟಿನ ಸೆಮಿ ಫ್ಲೋಟಿಂಗ್ ಆಕ್ಸಲ್. ಹಬ್ಬಿನಿಂದ ಹೊರಚಾಚಿದ ಫ್ಲೇಂಜ್, ಅದರ ಸುತ್ತ ಆರು ಬೋಲ್ಟ್ ಕಂಡರೆ ಫುಲ್ ಫ್ಲೋಟಿಂಗ್. ಯುದ್ಧಕಾಲದ ವಿಲ್ಲೀಸ್ ಎಂ.ಬಿ. ಜೀಪಿಗೆ ಈ ಎರಡನೆಯದೇ ಬಂದಿತ್ತು. ಸೆಮಿ ಫ್ಲೋಟಿಂಗ್‌ನಲ್ಲಿ ಶಾಫ್ಟು ಚಕ್ರವನ್ನು ತಿರುಗಿಸುವುದರ ಜೊತೆಗೆ ಗಾಡಿಯ ಭಾರವನ್ನೂ ಹೊರುತ್ತದೆ. ಹೊರತುದಿಯಲ್ಲಿ ಮುರಿದರೆ ಚಕ್ರ ಡ್ರಮ್ಮಿನ ಸಮೇತ ಕಳಚಿ ಹೋಗುತ್ತದೆ. ಫುಲ್ ಫ್ಲೋಟಿಂಗ್‌ನಲ್ಲಿ ಭಾರ ಹೊರುವುದು ಸ್ಪಿಂಡಲ್ ಮೇಲಿನ ಎರಡು ಟೇಪರ್ ಬೇರಿಂಗ್. ಶಾಫ್ಟು ತುಂಡಾದರೂ ಚಕ್ರ ಜಾಗದಲ್ಲೇ ಇರುತ್ತದೆ; ಆರು ಬೋಲ್ಟ್ ಬಿಚ್ಚಿ ತುಂಡನ್ನು ಎಳೆದು ಹಾಕಬಹುದು. ಬಿಸಿಲೆ ಘಾಟಿಯಲ್ಲೋ ದೇವರಮನೆ ಏರಿನಲ್ಲೋ ಈ ವ್ಯತ್ಯಾಸಕ್ಕೆ ಬೆಲೆ ಕಟ್ಟಲಾಗದು. ದುಡ್ಡು ಹಾಕುವುದಾದರೆ ದಪ್ಪ ಹೌಸಿಂಗಿಗಿಂತ ಮೊದಲು ಇದಕ್ಕೆ ಹಾಕಿ.

ಟೇಪರ್ ಶಾಫ್ಟುಗಳು ಮುರಿಯುವುದಕ್ಕೆ ಎಲ್ಲ ಸಲವೂ ಶಾಫ್ಟೇ ಕಾರಣವಲ್ಲ. ಹಬ್ಬು ನಿಂತಿರುವುದು ಟೇಪರ್ ಮೇಲಿನ ಬಿಗಿತದಿಂದ, ಕೀಲಿಯಿಂದಲ್ಲ. ನಟ್ ಸಡಿಲವಾದರೆ ಇಡೀ ಹೊಡೆತ ಕೀಲಿಯ ಮೇಲೆ ಬೀಳುತ್ತದೆ, ಗಾಡಿ ಮುಂದೆ ಹಿಂದೆ ಮಾಡಿದಾಗೆಲ್ಲ 'ಟಕ್' ಎನ್ನುತ್ತದೆ, ಕೀಲಿ ಕೂರುವ ತೋಡಿನ ಮೂಲೆಯಿಂದ ಬಿರುಕು ಶುರುವಾಗುತ್ತದೆ. ಈ ನಟ್ ಕನಿಷ್ಠ 150 ಅಡಿ-ಪೌಂಡ್, ಅಂದರೆ ಸುಮಾರು 200 ನ್ಯೂಟನ್ ಮೀಟರ್ ಬಿಗಿಯಬೇಕು. ಸ್ಪ್ಲಿಟ್ ಪಿನ್ನಿನ ತೂತು ಹೊಂದದಿದ್ದರೆ ಇನ್ನಷ್ಟು ಬಿಗಿದು ಹೊಂದಿಸಬೇಕೇ ಹೊರತು ಹಿಂದಕ್ಕೆ ಬಿಡಬಾರದು. ಟೇಪರಿಗೆ ಗ್ರೀಸ್ ಬಳಿಯಬೇಡಿ, ಒಣಗಿಸಿ ಒರೆಸಿ ಕೂರಿಸಿ. ಡ್ರಮ್ ಬಿಚ್ಚಲು ಪುಲ್ಲರ್ ಬೇಕು, ಸುತ್ತಿಗೆಯಲ್ಲ. ಇಷ್ಟು ಮಾಡಿದರೆ ಮೂಲ ಎಂಜಿನ್, 6.00-16 ಟೈರು ಇರುವ ಜೀಪಿಗೆ ಬೇರೆ ಆಕ್ಸಲ್ಲಿನ ಮಾತೇ ಏಳುವುದಿಲ್ಲ.

ಮಾತು ಏಳುವುದು ಟೈರು, ಎಂಜಿನ್ ಬದಲಾದಾಗ. ಸಿಜೆ 3ಬಿಯ ಮೊದಲ ಗೇರು 2.798, ಟ್ರಾನ್ಸ್‌ಫರ್ ಕೇಸಿನ (ಎಳೆತವನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚುವ ಗೇರ್ ಪೆಟ್ಟಿಗೆ) ಲೋ 2.46, ಆಕ್ಸಲ್ 5.38. ಮೂರನ್ನೂ ಗುಣಿಸಿದರೆ ಎಂಜಿನ್ನಿನ ಎಳೆತ 37 ಪಟ್ಟಾಗಿ ಆಕ್ಸಲ್‌ಗಳಿಗೆ ಬರುತ್ತದೆ. ಕಂಪನಿಯವರು ಫೋರ್ ವೀಲ್ ಹಾಕದೆ ಲೋ ಬೀಳದಂತೆ ಒಳಗೆ ಒಂದು ಲಾಕ್ ಇಟ್ಟಿದ್ದು ಇದಕ್ಕೇ. ಅದನ್ನು ಕಿತ್ತು 'ಟೂ ವೀಲ್ ಲೋ' ಮಾಡಿಕೊಂಡವರ ಜೀಪಿನಲ್ಲಿ 37 ಪಟ್ಟೂ ಹಿಂದಿನ ಎರಡು ಶಾಫ್ಟಿನ ಮೇಲೇ. ಜೊತೆಗೆ ಡಿ.ಐ. ಡೀಸೆಲ್ ಎಂಜಿನ್ನು, 31 ಇಂಚಿನ ಟೈರು, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲಿನ ಸ್ಪೈಡರ್ ಗೇರಿಗೆ ವೆಲ್ಡು! ಇಷ್ಟೆಲ್ಲ ಮಾಡಿ ಶಾಫ್ಟನ್ನು ಬೈಯುವುದು ನ್ಯಾಯವಲ್ಲ. ವೆಲ್ಡ್ ಮಾಡಿದ ಡಿಫರೆನ್ಷಿಯಲ್ ಕೆಸರಿನಲ್ಲಿ ಸರಿ, ಡಾಂಬರಿನ ತಿರುವಿನಲ್ಲಿ ಒಳಚಕ್ರ ಹೊರಚಕ್ರ ಒಂದೇ ವೇಗದಲ್ಲಿ ತಿರುಗಲೇಬೇಕಾಗಿ ಶಾಫ್ಟನ್ನು ಹಿಂಡುತ್ತದೆ.

ಹೊಸ ಆಕ್ಸಲ್ ಆರಿಸುವಾಗ ಮೂರು ಅಳತೆ ತಪ್ಪಬಾರದು. ಒಂದು, ರೇಶಿಯೋ; ಅಂದರೆ ಚಕ್ರಗಳು ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟು (ಆಕ್ಸಲ್ಲಿಗೆ ಎಳೆತ ತರುವ ದಂಡ) ಎಷ್ಟು ಸುತ್ತಬೇಕು ಎಂಬ ಲೆಕ್ಕ. ಮುಂದಿನದು 5.38 ಇದ್ದು ಹಿಂದೆ 4.88 ಕೂರಿಸಿದರೆ ಫೋರ್ ವೀಲ್ ಹಾಕಿದ ಕೂಡಲೇ ಮುಂದೆ ಹಿಂದೆ ಎಳೆದಾಟ ಶುರು. ಹಿಡಿತ ಸಿಕ್ಕ ಕಡೆ ಪ್ರೊಪೆಲ್ಲರ್ ಶಾಫ್ಟು, ಟ್ರಾನ್ಸ್‌ಫರ್ ಕೇಸು ತಿರುಚಿಕೊಳ್ಳುತ್ತವೆ. ಹಲ್ಲು ಎಣಿಸಿದರೆ ಸಂದೇಹವಿಲ್ಲ: ಕ್ರೌನ್ (ದೊಡ್ಡ ಗೇರು) 43, ಪಿನಿಯನ್ (ಚಿಕ್ಕ ಗೇರು) 8 ಇದ್ದರೆ 5.38, 39ಕ್ಕೆ 8 ಇದ್ದರೆ 4.88. ಬಿಚ್ಚದೆ ನೋಡಬೇಕೆಂದರೆ ಗೇರು ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ನೆಲದ ಮೇಲಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರ ಎತ್ತಿ ಸರಿಯಾಗಿ ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟು ಎಷ್ಟು ಸುತ್ತಿತೋ ಅದೇ ರೇಶಿಯೋ.

ಎರಡನೆಯದನ್ನು ಅಳೆಯುವವರೇ ಕಡಿಮೆ. ಈ ಜೀಪುಗಳ ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟು ಹೊರಬರುವುದು ನಡುವಿನಲ್ಲಲ್ಲ, ಬಲಕ್ಕೆ. ಅದಕ್ಕೇ ಮುಂದೆ, ಹಿಂದೆ ಎರಡೂ ಕಡೆ ಡಿಫರೆನ್ಷಿಯಲ್ ಬಲಕ್ಕೆ ಸರಿದಿದೆ. ಡಿಫರೆನ್ಷಿಯಲ್ ನಡುವೆ ಇರುವ ಆಕ್ಸಲ್ ತಂದು ಕೂರಿಸಿದರೆ ಪ್ರೊಪೆಲ್ಲರ್ ಶಾಫ್ಟು ಓರೆಯಾಗುತ್ತದೆ. 80 ಇಂಚಿನ ವೀಲ್ ಬೇಸಿನಲ್ಲಿ ಹಿಂದಿನ ಶಾಫ್ಟು ಮೊದಲೇ ಗಿಡ್ಡ. ಮೇಲಿನಿಂದ ಕೆಳಕ್ಕಿರುವ ಇಳಿಜಾರಿನ ಜೊತೆ ಪಕ್ಕದ ಓರೆಯೂ ಸೇರಿದರೆ ಶಾಫ್ಟಿನ ತುದಿಯ ಯುಜೆ ಕ್ರಾಸ್ (ತಿರುಗುವ ಕೀಲು) ಬಾಳುವುದಿಲ್ಲ. ಮೂರನೆಯದು ಅಗಲ. ಸಿಜೆ 3ಬಿಯ ಚಕ್ರದಿಂದ ಚಕ್ರಕ್ಕೆ ಸುಮಾರು 48 ಇಂಚು. ಉದ್ದದ ಆಕ್ಸಲ್ ಹಾಕಿದರೆ ಟೈರು ಮಡ್‌ಗಾರ್ಡಿನ ಹೊರಗೆ ಬರುತ್ತದೆ, ಹಿಂದಿನ ಚಕ್ರ ಮುಂದಿನದರ ಜಾಡು ಬಿಟ್ಟು ಹೋಗುತ್ತದೆ. ತೋಟದ ಕಿರಿದಾದ ದಾರಿಯಲ್ಲಿ ಅದು ದಿನಾ ಕಾಡುವ ತಾಪತ್ರಯ.

ಕೂರಿಸುವಾಗ ಸ್ಪ್ರಿಂಗ್ ಪ್ಯಾಡನ್ನು ಮೊದಲು ಚುಕ್ಕಿ ವೆಲ್ಡಿನಲ್ಲಿ ಮಾತ್ರ ಹಿಡಿಸಿ. ಗಾಡಿಯ ಪೂರ್ತಿ ಭಾರ ಸ್ಪ್ರಿಂಗಿನ ಮೇಲೆ ಬಿಟ್ಟು, ಪಿನಿಯನ್ ಮತ್ತು ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಒಂದಕ್ಕೊಂದು ಸಮಾಂತರ ಬಂದಿದೆಯೇ ನೋಡಿ, ಆಮೇಲೆ ಪೂರ್ತಿ ವೆಲ್ಡ್. ಆಯಿಲ್ ಸೀಲ್, ಬೇರಿಂಗ್ ಆ ಹೊತ್ತಿಗೆ ಹೊರಗಿರಬೇಕು. ಒಂದೇ ಉಸಿರಿಗೆ ಎಳೆದರೆ ಟ್ಯೂಬು ಬಾಗುತ್ತದೆ. ಒಂದೊಂದು ಇಂಚು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿ ಆರಲು ಬಿಡಿ. ಸ್ಪ್ರಿಂಗಿನ ಸೆಂಟರ್ ಬೋಲ್ಟಿನ ತಲೆ ಪ್ಯಾಡಿನ ತೂತಿನಲ್ಲಿ ಕೂತಿರಬೇಕು. ಯು ಬೋಲ್ಟ್ ಹೊಸದೇ ಆಗಲಿ, ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿಯಿರಿ.

ಕ್ರೌನ್-ಪಿನಿಯನ್ ಬದಲಿಸಿದರೆ ಕೈಯಲ್ಲಿ ಅಲ್ಲಾಡಿಸಿ ನೋಡಿ 'ಸರಿ ಇದೆ' ಎನ್ನುವವರಿಗೆ ಕೊಡಬೇಡಿ. ಡಾನಾ 44 ಮಾದರಿಯ ಆಕ್ಸಲ್ಲಿನಲ್ಲಿ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) 5ರಿಂದ 10 ಥೌ, ಅಂದರೆ ಇಂಚಿನ ಸಾವಿರ ಭಾಗದಲ್ಲಿ ಐದರಿಂದ ಹತ್ತು. ಅದನ್ನು ಡಯಲ್ ಗೇಜೇ ಹೇಳಬೇಕು. ಹಲ್ಲಿಗೆ ಬಣ್ಣ ಬಳಿದು ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಬೀಳಬೇಕು.

ಬ್ರೇಕಿನ ವಿಷಯ ಯಾರೂ ಎತ್ತುವುದಿಲ್ಲ. ವಿಲ್ಲೀಸ್ ಮಾದರಿಯ ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಡ್ರಮ್ಮಿನಲ್ಲಿದೆ. ಅದು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟು, ಡಿಫರೆನ್ಷಿಯಲ್, ಆಕ್ಸಲ್ ಶಾಫ್ಟಿನ ಮೂಲಕ. ಹಿಂದಿನ ಒಂದೇ ಒಂದು ಶಾಫ್ಟು ತುಂಡಾದರೆ, ಟೂ ವೀಲ್‌ನಲ್ಲಿ ಹ್ಯಾಂಡ್ ಬ್ರೇಕ್ ಪೂರ್ತಿ ಸತ್ತಂತೆ. ಏರಿನಲ್ಲಿ ಶಾಫ್ಟು ಹೋದರೆ ಮೊದಲು ಚಕ್ರಕ್ಕೆ ಕಲ್ಲು ಕೊಡಿ, ಏನಾಗಿದೆ ಎಂದು ನೋಡುವ ಮಾತು ಆಮೇಲೆ. ಇನ್ನು, ದೊಡ್ಡ ವೀಲ್ ಸಿಲಿಂಡರಿನ ಆಕ್ಸಲ್ ಹಾಕಿ ಹಳೆಯ ಚಿಕ್ಕ ಮಾಸ್ಟರ್ ಸಿಲಿಂಡರನ್ನೇ ಉಳಿಸಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಆಕ್ಸಲ್ಲಿಗೆ ಹಿಡಿಯುವ ಆಯಿಲ್ ಬರೀ 1.2 ಲೀಟರ್ ಆಸುಪಾಸು. ಬ್ರೀದರ್ (ಆಕ್ಸಲ್ಲಿಗೆ ಗಾಳಿಯಾಡುವ ತೂತು) ಕೆಸರಿನಿಂದ ಕಟ್ಟಿದ್ದರೆ, ಬಿಸಿ ಆಕ್ಸಲ್ ಹಳ್ಳದ ನೀರಿಗೆ ಇಳಿದಾಗ ಸೀಲಿನ ಸಂದಿಯಿಂದ ನೀರು ಎಳೆದುಕೊಂಡು ಆ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಬ್ರೀದರಿಗೆ ಪೈಪ್ ಹಾಕಿ ಚಾಸಿಯ ಮೇಲಕ್ಕೆ ಕಟ್ಟಿ. ಎಷ್ಟು ಹೆವಿ ಆಕ್ಸಲ್ಲಾದರೂ ನೀರು ಸೇರಿದ ಆಯಿಲ್ಲಿನಲ್ಲಿ ಬೇರಿಂಗ್ ಉಳಿಯುವುದಿಲ್ಲ.

ಕಾನೂನಿನ ಕಡೆಗೂ ಒಂದು ಕಣ್ಣಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. 182ಎ ಕಲಮಿನಲ್ಲಿ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. 2021ರ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿದ ಗಾಡಿಗೆ ಮೂಲರೂಪ ಕೇಳುತ್ತದೆ. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು ಎನ್ನುತ್ತದೆ. ಆಕ್ಸಲ್ಲಿನ ಹೆಸರು ಅಲ್ಲಿಲ್ಲ. ಹೀಗಿರುವಾಗ ಹಾಸನ, ಚಿಕ್ಕಮಗಳೂರು, ಸಕಲೇಶಪುರದ ಆರ್‌ಟಿಒ ಕಚೇರಿಗಳು ಹಳೆ ಜೀಪಿನ ಆಕ್ಸಲ್ ಬದಲಾವಣೆಯಲ್ಲಿ ಯಾವುದಕ್ಕೆ ಒಪ್ಪಿಗೆ ಸಿಗುತ್ತದೆ, ಯಾವುದಕ್ಕಿಲ್ಲ ಎಂದು ಕನ್ನಡದಲ್ಲಿ ಒಂದು ಸೂಚನೆ ಹಾಕಿದರೆ ಮಾಲೀಕರಿಗೂ ಮೆಕ್ಯಾನಿಕ್‌ಗಳಿಗೂ ಉಪಕಾರ. ಅಲ್ಲಿಯವರೆಗೆ ಚಾಸಿಗೆ ವೆಲ್ಡ್ ಹಾಕುವ ಕೆಲಸ ಬೇಡ, ಬಿಚ್ಚಿದ ಹಳೆ ಆಕ್ಸಲನ್ನು ಗುಜರಿಗೂ ಕೊಡಬೇಡಿ. ಆಯಿಲ್ ಸವರಿ ಶೆಡ್ಡಿನಲ್ಲಿಡಿ.

— ಒಬ್ಬ ಓದುಗ, ಮೂಡಿಗೆರೆ