ಒಂಬತ್ತನೇ ಚಾನೆಲ್ಲಿನ ಕಿಂಗ್ ಕಾಂಗ್: ಯುವ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಮಿತ್ರರೇ,

ಅಮೆರಿಕದ ಸ್ಥಳೀಯ ಟಿ.ವಿ. ಕೇಂದ್ರಗಳು ಹಳೆಯ ಹಾಲಿವುಡ್ ಚಿತ್ರಗಳನ್ನು ತೋರಿಸುತ್ತಿದ್ದ ಕಾಲದ ಬಗ್ಗೆ ನೀವು ಬರೆದಿರುವ ಪ್ರಬಂಧವನ್ನು ಎರಡು ಸಲ ಓದಿದೆ. ಭಾಷೆ ನಿಮಗೆ ಪಳಗಿದೆ, ಆ ಮಾತು ಬೇಡ. ನನ್ನ ತಕರಾರು ಬೇರೆ. ನ್ಯೂಜೆರ್ಸಿಯಲ್ಲಿದ್ದ ನಿಮ್ಮ ಸೋದರಮಾವ 1978ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಒಂಬತ್ತನೇ ಚಾನೆಲ್ಲಿನಲ್ಲಿ ದೈತ್ಯ ವಾನರನ ಕಥೆಯ 'ಕಿಂಗ್ ಕಾಂಗ್' (1933) ನೋಡಿದರೆಂದು ಬರೆದು, ಮರುಸಾಲಿನಲ್ಲೇ ಆ ದ್ವೀಪದ ಮಂಜು, ಬಳ್ಳಿಗಳ ನೆರಳು, ಕಾಂಗನ ಮೈಮೇಲೆ ಅಲುಗುವ ಒಂದೊಂದು ರೋಮವನ್ನೂ ವರ್ಣಿಸಿದ್ದೀರಿ. ಅದು ನೀವು ಈಚೆಗೆ ಕಂಪ್ಯೂಟರಿನಲ್ಲಿ ಕಂಡ, ಕೊಳೆ ತೆಗೆದು ಹಸನು ಮಾಡಿದ ಪ್ರತಿ. ಮಾವನ ಮೂಗಿನ ಮೇಲೆ ನಿಮ್ಮ ಕನ್ನಡಕವಿದೆ.

ಆ ವರ್ಷಗಳಲ್ಲಿ ನಾನೂ ಹಡ್ಸನ್ ನದಿಯ ಈಚೆ ದಡದ ಬಾಡಿಗೆ ಕೋಣೆಯೊಂದರಲ್ಲಿದ್ದೆ. ಯಾರೋ ಬೀದಿಗಿಟ್ಟಿದ್ದ ಟಿ.ವಿ.ಯನ್ನು ನಾವಿಬ್ಬರು ಗೆಳೆಯರು ಹೊತ್ತು ತಂದಿದ್ದೆವು. ಎದುರಿನ ಕಟ್ಟಡಗಳಿಗೆ ಬಡಿದು ಬರುವ ಅಲೆಗಳಿಂದಾಗಿ ಪರದೆಯ ಪ್ರತಿ ಆಕೃತಿಗೂ ಬಲಗಡೆ ಮಸುಕಾದ ಇನ್ನೊಂದು ಆಕೃತಿ ಅಂಟಿಕೊಂಡಿರುತ್ತಿತ್ತು. ಹೀಗಾಗಿ ಎಂಪೈರ್ ಸ್ಟೇಟ್ ಕಟ್ಟಡವನ್ನು ಹತ್ತಿದ್ದು ಒಂದು ಕಾಂಗ್ ಅಲ್ಲ, ಒಂದೂವರೆ. ಗೆಳೆಯ ಆಂಟೆನಾದ ಕಡ್ಡಿ ಹಿಡಿದು ನಿಂತರೆ ಆ ಅರ್ಧ ಕಾಂಗ್ ಮಾಯವಾಗುತ್ತಿತ್ತು. ಅವನು ಕೂತರೆ ಮತ್ತೆ ಬರುತ್ತಿತ್ತು. ವಿಮಾನಗಳು ಗುಂಡು ಹಾರಿಸಲು ತೊಡಗುವ ಹೊತ್ತಿಗೆ ಸರಿಯಾಗಿ ಜಾಹೀರಾತು ಬಂದು, ಅವನಿಗೆ ಕೈ ಇಳಿಸಲು ಪುರಸೊತ್ತು ಸಿಕ್ಕಿತು. (ಐವತ್ತರ ದಶಕದಲ್ಲಿ ನ್ಯೂಯಾರ್ಕಿನ ಟಿ.ವಿ. ಪ್ರಸಾರ ಹೊರಡುತ್ತಿದ್ದುದೇ ಆ ಕಟ್ಟಡದ ತುದಿಯ ಕಂಬದಿಂದ. ಕಾಂಗ್ ಹತ್ತುತ್ತಿದ್ದುದು ತನ್ನನ್ನೇ ಮನೆಮನೆಗೆ ಕಳಿಸುತ್ತಿದ್ದ ಕಂಬದತ್ತ.) ನಿಮ್ಮ ಮಾವನ ಬಳಿಯೂ ಇಂಥದ್ದೇನಾದರೂ ಇದ್ದೀತು, ಕೇಳಿ ನೋಡಿ. ಕಾಂಗ್ ಮಹಿಳೆಯ ಉಡುಪನ್ನು ಕಿತ್ತು ಮೂಸುವ ದೃಶ್ಯ ಅವರು ನೋಡಿದ ಪ್ರತಿಯಲ್ಲಿತ್ತೇ ಎಂದೂ ಕೇಳಿ. 1938ರ ಮರುಬಿಡುಗಡೆಯಲ್ಲಿ ಅದನ್ನು ಕತ್ತರಿಸಿದ್ದರು, 1970ರ ಆಸುಪಾಸಿನಲ್ಲಷ್ಟೇ ಮತ್ತೆ ಸೇರಿಸಿದರು.

ಆ ಚಿತ್ರ ಆ ಚಾನೆಲ್ಲಿಗೇ ಏಕೆ ಬಂತೆಂಬುದನ್ನು ನೀವು ಕೇಳಿಕೊಂಡೇ ಇಲ್ಲ. 1955ರಲ್ಲಿ ಜನರಲ್ ಟೈರ್ ಕಂಪನಿಯ ಅಂಗಸಂಸ್ಥೆಯೊಂದು, 'ಕಿಂಗ್ ಕಾಂಗ್' ತಯಾರಿಸಿದ್ದ ಆರ್‌ಕೆಒ ಸ್ಟುಡಿಯೋವನ್ನು ಹೊವರ್ಡ್ ಹ್ಯೂಸ್ ಅವರಿಂದ ಎರಡೂವರೆ ಕೋಟಿ ಡಾಲರಿಗೆ ಕೊಂಡಿತು. ಟೈರಿನವರ ಕಣ್ಣಿದ್ದುದು ಸ್ಟುಡಿಯೋದ ಗೋದಾಮಿನಲ್ಲಿದ್ದ ಸುಮಾರು 740 ಹಳೆಯ ಚಿತ್ರಗಳ ಮೇಲೆ. ತಮ್ಮದೇ ಟಿ.ವಿ. ಕೇಂದ್ರಗಳಿದ್ದ ಊರುಗಳ ಹಕ್ಕನ್ನು ಇಟ್ಟುಕೊಂಡು, ಉಳಿದದ್ದನ್ನು ಸಿ ಅಂಡ್ ಸಿ ಎಂಬ ಕಂಪನಿಗೆ ಮಾರಿದರು. ಒಂಬತ್ತನೇ ಚಾನೆಲ್, ಅಂದರೆ ಡಬ್ಲ್ಯುಒಆರ್, ಅವರದ್ದೇ ಸ್ವತ್ತು. ಸಿ ಅಂಡ್ ಸಿಯವರು ಬೇರೆ ಊರುಗಳ ಕೇಂದ್ರಗಳಿಗೆ ಚಿತ್ರಗಳ ಕಟ್ಟನ್ನು ಕೊಟ್ಟು, ಬದಲಿಗೆ ಜಾಹೀರಾತಿನ ಸಮಯವನ್ನು ಪಡೆದು, ಅದನ್ನು ಪ್ಲೇಟೆಕ್ಸ್ ಒಳಉಡುಪಿನ ಕಂಪನಿಗೆ ಒದಗಿಸಿದರು. ನಿಮ್ಮ ಪ್ರಬಂಧದಲ್ಲಿ 'ಕಲೆ' ಎಂಬ ಪದ ಹನ್ನೊಂದು ಸಲ ಬಂದಿದೆ. ಟೈರೂ ಇಲ್ಲ, ಒಳಉಡುಪೂ ಇಲ್ಲ.

'ಇಟ್ಸ್ ಎ ವಂಡರ್‌ಫುಲ್ ಲೈಫ್' ಜನರ ಪ್ರೀತಿಯಿಂದಲೇ ಕ್ರಿಸ್‌ಮಸ್ಸಿನ ಚಿತ್ರವಾಯಿತೆಂಬ ಸಾಲನ್ನು ತಿದ್ದಿ. 28 ವರ್ಷಕ್ಕೆ ಆಗಬೇಕಿದ್ದ ಕೃತಿಸ್ವಾಮ್ಯದ ನವೀಕರಣ ಆಗದೆ 1974ರಲ್ಲಿ ಅದು ಪುಕ್ಕಟೆಯಾಯಿತು. ಡಿಸೆಂಬರ್ ಬಂದರೆ ಸಾಕು, ಎಲ್ಲ ಕೇಂದ್ರಗಳೂ ಹಾಕತೊಡಗಿದವು. ಪ್ರೀತಿ ಹಿಂದೆ ಬಂತು.

ಕತ್ತರಿ ಮತ್ತು ಜಾಹೀರಾತುಗಳನ್ನು ನೀವು ಒಂದೇ ಸಮನೆ ಹಳಿದಿರುವುದು ನನಗೆ ಒಪ್ಪಿಗೆಯಿಲ್ಲ. 1954ರಲ್ಲಿ ಇದೇ ಡಬ್ಲ್ಯುಒಆರ್ ಶುರುಮಾಡಿದ 'ಮಿಲಿಯನ್ ಡಾಲರ್ ಮೂವಿ'ಯಲ್ಲಿ ಒಂದೇ ಚಿತ್ರವನ್ನು ವಾರವಿಡೀ ದಿನಕ್ಕೆ ಎರಡೆರಡು ಸಲ ತೋರಿಸುತ್ತಿದ್ದರು. ಮುಂದೆ ದೊಡ್ಡ ನಿರ್ದೇಶಕರಾದ ಮಾರ್ಟಿನ್ ಸ್ಕಾರ್ಸೆಸೆ ಬಾಲ್ಯದಲ್ಲಿ 'ದ ಟೇಲ್ಸ್ ಆಫ್ ಹಾಫ್‌ಮನ್' ಎಂಬ ಬ್ರಿಟಿಷ್ ವರ್ಣಚಿತ್ರವನ್ನು ಅಲ್ಲಿಯೇ, ಕಪ್ಪುಬಿಳುಪಿನಲ್ಲಿ, ಜಾಹೀರಾತುಗಳ ನಡುವೆ ಮತ್ತೆ ಮತ್ತೆ ನೋಡಿ, ಕ್ಯಾಮೆರಾ ಸಂಗೀತದೊಡನೆ ಹೇಗೆ ಚಲಿಸುತ್ತದೆಂಬುದನ್ನು ಕಲಿತರು. ಚಿತ್ರಮಂದಿರದಲ್ಲಿ ಒಂದೇ ವಾರದಲ್ಲಿ ಅಷ್ಟು ಸಲ ನೋಡಲು ಆ ಹುಡುಗನಿಗೆ ಹಣ ಕೊಡುವವರು ಯಾರಿದ್ದರು?

ಕೊನೆಯದಾಗಿ, ನಾಲ್ಕನೇ ಪುಟದಲ್ಲಿ ಆವರಣದೊಳಗೆ ಅಡಗಿಸಿಟ್ಟಿರುವ ಒಂದು ವಾಕ್ಯ. 1995ರಲ್ಲಿ ಭಾರತಕ್ಕೆ ಬಂದ ಕಾರ್ಟೂನ್ ನೆಟ್‌ವರ್ಕ್ ದಿನದ ಆಟ ಮುಗಿಸಿದ ಮೇಲೆ, ಅದೇ ಚಾನೆಲ್ಲಿನಲ್ಲಿ ಹಳೆಯ ಚಿತ್ರಗಳ ಟಿಎನ್‌ಟಿ ಶುರುವಾಗಿ ಎಂಜಿಎಂ ಸ್ಟುಡಿಯೋದ ಲಾಂಛನದ ಸಿಂಹ ಗರ್ಜಿಸುತ್ತಿದ್ದುದನ್ನು ಮೈಸೂರಿನ ಮನೆಯಲ್ಲಿ ಕೂತು ಬೇಸರದಿಂದ ನೋಡುತ್ತಿದ್ದೆನೆಂದು ನೀವು ಬರೆದಿದ್ದೀರಿ. ಇಡೀ ಪ್ರಬಂಧದಲ್ಲಿ ನೀವೇ ಕಂಡದ್ದು ಅದೊಂದೇ. ಅದನ್ನು ಮೊದಲ ಪುಟಕ್ಕೆ ತನ್ನಿ. ಸಿಂಹ ಬಂದಾಗ ಟಿ.ವಿ. ಆರಿಸುತ್ತಿದ್ದವರು ಯಾರು, ಆರಿಸದೆ ಬಿಟ್ಟ ರಾತ್ರಿ ಯಾವುದು, ಅಂದು ಮನೆಯಲ್ಲಿ ಯಾರು ಎಚ್ಚರವಿದ್ದರು ಎಂಬುದನ್ನು ನೆನಪು ಮಾಡಿಕೊಂಡು ಬರೆದು ಕಳಿಸಿ. ಓದಲು ಕಾದಿರುತ್ತೇನೆ.

ಇಂತು ನಿಮ್ಮ ಹಿತೈಷಿ